ಗಡಿಯಾರದ ಮುಂದೆ ಪ್ರಬಂಧ

ಪ್ರಬಂಧ ಬರೆಯಲು ಸ್ಫೂರ್ತಿ ಬೇಕು, ಗಡಿಯಾರದ ಹಂಗೇಕೆ ಎಂಬುದು ಅನೇಕರ ಮತ. ನಾನು ಅದನ್ನು ಒಪ್ಪಲಾರೆ. 2024ರ ಎಸ್.ಎಸ್.ಎಲ್.ಸಿ. ಪ್ರಥಮ ಭಾಷೆ ಕನ್ನಡದ ಪತ್ರಿಕೆಗೆ 100 ಅಂಕ. ಓದಿಕೊಳ್ಳುವ 15 ನಿಮಿಷ ಕಳೆದರೆ ಬರೆಯಲು ಉಳಿದದ್ದು 180 ನಿಮಿಷ. 5 ಅಂಕದ ಪ್ರಬಂಧದ ಪಾಲಿಗೆ ಬಂದದ್ದು ಒಂಬತ್ತೇ ನಿಮಿಷ!

ನನ್ನ ತರಗತಿಯಲ್ಲಿ ವಾರಕ್ಕೊಮ್ಮೆ ಈ ಅಳತೆಯಲ್ಲೇ ಬರೆಯಿಸುತ್ತೇನೆ. ಮೊದಮೊದಲು ಪೀಠಿಕೆಯೇ ಹಾಳೆಯನ್ನು ನುಂಗುತ್ತದೆ; ಉಪಸಂಹಾರಕ್ಕೆ ಎಡೆಯೇ ಇರದು. ಕ್ರಮೇಣ ಮಕ್ಕಳು ಎರಡು ನಿಮಿಷ ಲೇಖನಿ ಕೆಳಗಿಟ್ಟು ಯೋಚಿಸಲು ಕಲಿಯುತ್ತಾರೆ. ಏನನ್ನು ಬಿಡಬೇಕೆಂದು ಅರಿಯುತ್ತಾರೆ. ಬರವಣಿಗೆಯ ವಿವೇಕ ಮೊಳೆಯುವುದು ಅಲ್ಲಿಯೇ.

ಆದರೆ ತಿದ್ದದೆ ಬಿಟ್ಟ ಅಭ್ಯಾಸ ಪರೀಕ್ಷೆ ವ್ಯರ್ಥ. ಗಡಿಯಾರ ಅವಸರವನ್ನಷ್ಟೇ ಕಲಿಸಬಲ್ಲದು. ಅದನ್ನು ಹದಕ್ಕೆ ತರುವವರು, ಮರುದಿನ ಆ ಹಾಳೆಯನ್ನು ಮಗುವಿನೊಡನೆ ಕುಳಿತು ಓದುವ ಉಪಾಧ್ಯಾಯರು.