ಒಂಬತ್ತು ಆರಾದಾಗ

ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವನಿಗೆ 'ಉತಾರ' ಎಂಬ ಮಾತಿನ ಅರ್ಥವನ್ನು ಯಾರೂ ಕಲಿಸಬೇಕಾದುದಿಲ್ಲ. ಹಳೆಯ ಮೈಸೂರಿನವರು ಪಹಣಿಯೆಂದೂ ಸರಕಾರದವರು ಆರ್‌ಟಿಸಿಯೆಂದೂ ಕರೆಯುವ ಆ ಒಂದು ಹಾಳೆಯು, ಬೆಳೆಸಾಲ ತೆಗೆಯುವಾಗ, ಅಣ್ಣತಮ್ಮಂದಿರು ವಾಟ್ನಿ ಮಾಡಿಕೊಳ್ಳುವಾಗ, ಹಿರಿಯರು ತೀರಿಕೊಂಡ ಮೇಲೆ ವಾರಸಾ ಮಾಡಿಸುವಾಗ, ಮನೆಯ ದೇವರ ಕೋಣೆಯಿಂದ ಹೊರಕ್ಕೆ ಬಂದು ಕಚೇರಿಯ ಮೇಜನ್ನು ಏರುವುದು.

ಇಂಥದೊಂದು ಹಾಳೆಯನ್ನು ಹಿಡಿದ ವೃದ್ಧ ರೈತನೊಬ್ಬನನ್ನು ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಕಚೇರಿಯಲ್ಲಿ ನಾನು ಕಂಡೆನು. "ಯಜಮಾನ್ರ, ಕಂಪ್ಯೂಟರ್‌ದಾಗ ನಾಕ ಎಕರೆ ಹದಿನಾರ ಗುಂಟೆ ಐತ್ರಿ" ಎಂದು ಗುಮಾಸ್ತನು ಹೇಳಿದರೆ, "ನಮ್ಮಪ್ಪನ ಕಾಲದಿಂದ ಹತ್ತೊಂಬತ್ತ ಗುಂಟೇನ ಐತ್ರಿ ಸಾಹೇಬ್ರ, ಹಳೇ ಬುಕ್ ತಗದ್ ನೋಡ್ರಿ" ಎಂದು ಆತನು ಬೇಡಿಕೊಳ್ಳುತ್ತಿದ್ದನು. ಮೂರನೆಯ ಸಲದ ಅಲೆದಾಟದಲ್ಲಿ ಹಳೆಯ ಪುಸ್ತಕವು ರುಮಾಲಿನ ಗಂಟಿನಿಂದ ಹೊರಬಿದ್ದಿತು. ಕೈಬರಹದಲ್ಲಿ '೧೯' ಎಂದೇ ಇದ್ದಿತು. ಆದರೆ ಒಂಬತ್ತರ ಬಾಲದ ಮಸಿ ಮಾಸಿ, ಅವಸರದ ಕಣ್ಣಿಗೆ ಅದು '೧೬'ರಂತೆ ತೋರುತ್ತಿದ್ದಿತು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದವನು ಕಂಡಂತೆ ಜೋಡಿಸಿದನು; ಮೂರು ಗುಂಟೆ ನೆಲವು ಕಾಗದದ ಮೇಲೆ ಕರಗಿಹೋಯಿತು.

ಜೋಡಿಸಿದ ಅಕ್ಷರವು ಒಬ್ಬನ ಓದನ್ನು ಮಾತ್ರ ಉಳಿಸುವುದು. ಮೂಲಪತ್ರದ ಬಿಂಬವಾದರೋ ಮುಂದೆ ಬರುವ ಪ್ರತಿಯೊಬ್ಬನಿಗೂ ತಾನೇ ಓದಿ ನಿರ್ಣಯಿಸುವ ಅಧಿಕಾರವನ್ನು ಕಾದಿಡುವುದು. ಆದುದರಿಂದಲೇ ಕಚೇರಿಯ ತಂತ್ರಾಂಶಕ್ಕೆ ಸ್ಕ್ಯಾನ್ ಮಾಡುವ, ಹಾಗೂ ಸ್ಕ್ಯಾನ್ ಮಾಡಿದ್ದನ್ನು ಪರದೆಯ ಮೇಲೆ ತೋರಿಸುವ ಶಕ್ತಿಯನ್ನು ಕೂಡಿಸುವುದು ಅಲಂಕಾರದ ಕೆಲಸವಲ್ಲ, ನ್ಯಾಯದ ಕೆಲಸವೆಂದು ನಾನು ಭಾವಿಸುತ್ತೇನೆ.

ಈ ತತ್ತ್ವವನ್ನು ಕರ್ನಾಟಕವು ಅರಿಯದೆ ಇರಲಿಲ್ಲ. 2000ದ ಆಸುಪಾಸಿನಲ್ಲಿ ತಾಲ್ಲೂಕುಗಳಿಗೆ ಬಂದ 'ಭೂಮಿ' ಯೋಜನೆಯು ಸುಮಾರು 2 ಕೋಟಿ ಉತಾರಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ, ಪಹಣಿಯ ವಿವರವನ್ನೆಲ್ಲ ಅಕ್ಷರ ಜೋಡಿಸಿಯೇ ತುಂಬಲಾಯಿತಾದರೂ, ಹಕ್ಕು ಬದಲಾವಣೆಯ ಆದೇಶವನ್ನೂ ಪಕ್ಷಕಾರರಿಗೆ ಮುಟ್ಟಿಸಿದ ನೋಟೀಸನ್ನೂ ಸ್ಕ್ಯಾನ್ ಮಾಡಿ ಇಡುವ ಏರ್ಪಾಡು ಅದರಲ್ಲಿ ಇದ್ದಿತು. ನೋಟೀಸು ತನಗೆ ಬರಲೇ ಇಲ್ಲವೆಂದು ಯಾರಾದರೂ ಮುಂದೆ ವಾದಿಸಿದರೆ, ಅವರ ರುಜುವೋ ಹೆಬ್ಬೆಟ್ಟೋ ಬಿಂಬದಲ್ಲಿ ನಿಂತು ಸಾಕ್ಷಿ ನುಡಿಯಬೇಕೆಂಬುದು ಅದರ ಉದ್ದೇಶ. ಅಲ್ಲಿಂದ ಮುಂದೆ ಉಪನೋಂದಣಾಧಿಕಾರಿ ಕಚೇರಿಗಳಿಗೆ ಬಂದ 'ಕಾವೇರಿ' ತಂತ್ರಾಂಶವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಖರೀದಿಪತ್ರದ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ, ಕೊಟ್ಟವರ ಮತ್ತು ಕೊಂಡವರ ಭಾವಚಿತ್ರ, ಹೆಬ್ಬೆಟ್ಟುಗಳನ್ನು ಅದರೊಡನೆ ಸೇರಿಸಿತು.

ಕಾಗದವು ಬಿಂಬವಾಗುವ ಬಗೆಯನ್ನು ಸ್ವಲ್ಪ ನೋಡೋಣ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬವರು ತಮ್ಮ ಹಸುಗೂಸಿನ ಭಾವಚಿತ್ರವೊಂದನ್ನು ಗಣಕಯಂತ್ರದೊಳಕ್ಕೆ ಇಳಿಸಿದಾಗ, ಅದರಲ್ಲಿ ಇದ್ದುದು ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕಿಗಳು ಮಾತ್ರ. ಇಂದು ಕಚೇರಿಯಲ್ಲಿ ಬಳಸುವ ಎ-4 ಹಾಳೆಯನ್ನು ಇಂಚಿಗೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕಿಗಳಾಗುವುವು. ಪ್ರತಿಯೊಂದು ಚುಕ್ಕಿಯನ್ನೂ ಬರಿಯ ಕಪ್ಪು ಇಲ್ಲವೆ ಬಿಳಿ ಎಂದು ಬರೆದುಕೊಂಡರೆ ಪುಟವು 11 ಲಕ್ಷ ಬೈಟುಗಳಲ್ಲಿ ಮುಗಿಯುವುದು. ಬೂದುಬಣ್ಣದ ಛಾಯೆಗಳಲ್ಲಿ ಬರೆದುಕೊಂಡರೆ 87 ಲಕ್ಷ, ಪೂರ್ಣ ವರ್ಣದಲ್ಲಾದರೆ 2 ಕೋಟಿ 61 ಲಕ್ಷ ಬೈಟುಗಳಿಗೆ ಏರುವುದು. ಜಾಗ ಉಳಿಸುವ ಆಸೆಯಿಂದ ಕಪ್ಪು-ಬಿಳಿಯನ್ನು ಆರಿಸಿಕೊಂಡವನು, ಇಂತಿಷ್ಟು ಕಪ್ಪಿಗಿಂತ ತಿಳಿಯಾದುದೆಲ್ಲ ಬಿಳಿಯೇ ಎಂದು ಯಂತ್ರಕ್ಕೆ ಅಪ್ಪಣೆ ಕೊಟ್ಟಂತಾಗುವುದು. ಆ ಅಪ್ಪಣೆಗೆ ಮೊದಲು ಬಲಿಯಾಗುವುದು ನಮ್ಮ ಒಂಬತ್ತರ ಮಾಸಿದ ಬಾಲವೇ. ಹಳೆಯ ದಫ್ತರಕ್ಕೆ ವರ್ಣವೇ ತಕ್ಕುದು; ಕೆಂಪು ಮಸಿಯ ತಿದ್ದುಪಡಿ, ನೀಲಿ ಮೊಹರು, ಕಾಗದದ ಹಳದಿ, ಎಲ್ಲವೂ ಸಾಕ್ಷಿಗಳೇ.

ತಂತ್ರಾಂಶವು ನೇರವಾಗಿ ಸ್ಕ್ಯಾನರಿನೊಡನೆ ಮಾತನಾಡಲಾರದು, ಏಕೆಂದರೆ ಒಂದೊಂದು ಕಂಪನಿಯ ಯಂತ್ರದ್ದು ಒಂದೊಂದು ಭಾಷೆ. ಇವೆರಡರ ನಡುವೆ ದುಭಾಷಿಯಾಗಿ ನಿಲ್ಲುವುದಕ್ಕಾಗಿಯೇ 1992ರಲ್ಲಿ ಟ್ವೈನ್ ಎಂಬ ಒಡಂಬಡಿಕೆಯು ಹುಟ್ಟಿತು. ಗುಮಾಸ್ತನು ಗುಂಡಿಯನ್ನೊತ್ತಿದಾಗ ತಂತ್ರಾಂಶವು ಈ ದುಭಾಷಿಯ ಮೂಲಕ ಪುಟವನ್ನು ಬೇಡಿ, ಬಂದ ಚುಕ್ಕಿಗಳ ರಾಶಿಯನ್ನು ಅಡಕಗೊಳಿಸಿ, ಗ್ರಾಮ, ಸರ್ವೆ ನಂಬರು, ಹಿಸ್ಸಾಗಳ ಹೆಸರಿನಲ್ಲಿ ಕಡತವಾಗಿ ಇಡುವುದು. ಹೆಸರಿಡುವ ಈ ಕೆಲಸದಲ್ಲಿ ತಪ್ಪಿದರೆ ಬಿಂಬವು ಇದ್ದೂ ಇಲ್ಲದಂತೆಯೇ ಸರಿ.

ಅಡಕಗೊಳಿಸುವುದರಲ್ಲಿಯೂ ಎಚ್ಚರ ಬೇಕು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕವಿಜ್ಞಾನಿಯು, ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಕಟ್ಟಡದ ನಕ್ಷೆಯೊಂದನ್ನು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಿಸಿಬಿಡುತ್ತಿದ್ದುದನ್ನು ಕಂಡುಹಿಡಿದರು. ಜಾಗ ಉಳಿಸಲೆಂದು ಒಂದನ್ನೊಂದು ಹೋಲುವ ಗುರುತುಗಳನ್ನು ಒಂದೇ ಎಂದು ಭಾವಿಸುವ ವಿಧಾನವು, ಆರನ್ನು ಎಂಟೆಂದು ಎಣಿಸಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇರಿಸಿದ್ದಿತು. ಹೊಲದ ದಾಖಲೆಗಳಿಗೆ ಅಂಥ ವಿಧಾನವು ಸರ್ವಥಾ ಸಲ್ಲದು.

ಇನ್ನು ತೋರಿಸುವ ಮಾತು. ಇಡೀ ಪುಟವನ್ನು ಸಣ್ಣ ಪರದೆಯಲ್ಲಿ ಹಿಡಿಸಲು ನಡುನಡುವಿನ ಚುಕ್ಕಿಗಳನ್ನು ಸುಮ್ಮನೆ ಬಿಡುತ್ತ ಹೋದರೆ ತೆಳುವಾದ ಗೆರೆಗಳು ತುಂಡಾಗುವುವು. ಅಕ್ಕಪಕ್ಕದ ಚುಕ್ಕಿಗಳ ಸರಾಸರಿಯನ್ನು ತೆಗೆದು ಕುಗ್ಗಿಸಿದರೆ ಅಕ್ಷರವು ಉಳಿಯುವುದು. ಬೇಕೆಂದಾಗ ಹಿಗ್ಗಿಸಿ ಒಂದೊಂದು ಅಂಕಿಯನ್ನೂ ನೋಡುವ, ಅಡ್ಡವಾದುದನ್ನು ತಿರುಗಿಸುವ ಅನುಕೂಲವಿರಬೇಕು. 'ಭೂಮಿ'ಯ ಕೇಂದ್ರಗಳಲ್ಲಿ ಗುಮಾಸ್ತನ ಪರದೆಯ ಜೊತೆಗೆ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನು ಇಡುವ ಯೋಚನೆಯು ನನಗೆ ಅತ್ಯಂತ ಪ್ರಿಯವಾದುದು. ಆ ಪರದೆಯ ಅರ್ಧದಲ್ಲಿ ಜೋಡಿಸಿದ ಉತಾರವೂ ಉಳಿದರ್ಧದಲ್ಲಿ ಅದೇ ಹೊಲದ ಮೂಲಪುಟದ ಬಿಂಬವೂ ಕಾಣುವಂತಾದರೆ, ಆ ವೃದ್ಧನು ಮೂರು ಸಲ ಅಲೆಯಬೇಕಾಗುತ್ತಿರಲಿಲ್ಲ.

ನಮ್ಮ ಸೀಮೆಗೆ ಬಿಂಬವು ಅನಿವಾರ್ಯವಾಗಲು ಮತ್ತೊಂದು ಕಾರಣವುಂಟು. ನರಗುಂದವು 1858ರ ಬಂಡಾಯದವರೆಗೆ ಭಾವೆ ಮನೆತನದ ಸಂಸ್ಥಾನವಾಗಿದ್ದಿತು, ಗಜೇಂದ್ರಗಡವು ಘೋರ್ಪಡೆಯವರದಾಗಿದ್ದಿತು. ಮರಾಠರ ಆಳಿಕೆಯ ಕಾಗದಗಳು ಮೋಡಿ ಲಿಪಿಯಲ್ಲಿವೆ. ಆ ಲಿಪಿಯನ್ನು ಬಲ್ಲವರು ಇಂದು ವಿರಳರಾದುದರಿಂದ ಅದನ್ನು ಓದಿ ಜೋಡಿಸುವುದು ಎಲ್ಲರಿಗೂ ಆಗದ ಮಾತು. ಆದರೆ ಸ್ಕ್ಯಾನ್ ಮಾಡುವವನಿಗೆ ಓದಲು ಬರಬೇಕೆಂಬ ನಿರ್ಬಂಧವಿಲ್ಲ. ಓದಬಲ್ಲವನು ಬರುವವರೆಗೆ ಬಿಂಬವು ಕಾದಿರುವುದು.

ಬಿಂಬದ ಬೆಲೆಗೆ ನಮ್ಮ ಸೀಮೆಯಲ್ಲಿಯೇ ಹಳೆಯ ನಿದರ್ಶನವೂ ಉಂಟು. ಗಜೇಂದ್ರಗಡದ ಬಳಿಯ ಸೂಡಿಯಲ್ಲಿ ದೊರೆತ, ಕ್ರಿ.ಶ. 938ರದೆಂದು ಹೇಳಿಕೊಳ್ಳುವ ಗಂಗ ಬೂತುಗನ ತಾಮ್ರಪಟವು ಬಸದಿಯೊಂದಕ್ಕೆ ಕೊಟ್ಟ ಭೂದಾನದ ಪತ್ರ. ಶಾಸನತಜ್ಞರಾದ ಜೆ. ಎಫ್. ಫ್ಲೀಟ್ ಅವರು ಅದನ್ನು ಎಪಿಗ್ರಾಫಿಯಾ ಇಂಡಿಕಾದ ಮೂರನೆಯ ಸಂಪುಟದಲ್ಲಿ ಪ್ರಕಟಿಸುವಾಗ ಕೃತಕವೆಂದು ನಿರ್ಣಯಿಸಿದರು. ಗಂಗರ ತಾಮ್ರಪಟಗಳ ಸತ್ಯಾಸತ್ಯದ ಚರ್ಚೆಯಲ್ಲಿ ಅಕ್ಷರಗಳ ಆಕಾರಕ್ಕೆ ಅವರು ಬಹಳ ಬೆಲೆ ಕೊಟ್ಟವರು. ಶಾಸನದ ಪಾಠದೊಡನೆ ಮೂಲದ ಬಿಂಬವಾದ ಪಡಿಯಚ್ಚನ್ನೂ ಅಚ್ಚುಹಾಕಿಸುವ ಪದ್ಧತಿಯಿಂದಲೇ ಇಂಥ ನಿರ್ಣಯಗಳನ್ನು ಇತರ ವಿದ್ವಾಂಸರು ಪರೀಕ್ಷಿಸಲೂ ಪ್ರಶ್ನಿಸಲೂ ಸಾಧ್ಯವಾಯಿತು. ಶಾಸನತಜ್ಞನಿಗೆ ಪಡಿಯಚ್ಚು ಏನೋ, ಉತಾರದ ರೈತನಿಗೆ ಸ್ಕ್ಯಾನ್ ಅದೇ.

ತಾಲ್ಲೂಕು ಕಚೇರಿಗಳ ಹಳೆಯ ದಫ್ತರಗಳನ್ನೆಲ್ಲ ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಯೋಜನೆಯು ಮೊದಲು ಜಿಲ್ಲೆಗೊಂದರಂತೆ 31 ತಾಲ್ಲೂಕುಗಳಲ್ಲಿ ಆರಂಭವಾಗಿ, ಅನಂತರ ರಾಜ್ಯದ ಉಳಿದ ತಾಲ್ಲೂಕುಗಳಿಗೂ ವಿಸ್ತರಿಸಿದೆ. ರೋಣದಿಂದ ಬೇರೆಯಾಗಿ ಗಜೇಂದ್ರಗಡವು ತಾಲ್ಲೂಕಾದ ಮೇಲೆ ಯಾವ ಗಂಟು ಯಾವ ಊರಿನಲ್ಲಿದೆಯೆಂದು ಹುಡುಕುವ ರೈತನಿಗೆ, ಒಂದೇ ಪುಟವು ಎರಡೂ ಊರುಗಳಲ್ಲಿ ಏಕಕಾಲಕ್ಕೆ ಕಾಣುವುದು ಸಣ್ಣ ಉಪಕಾರವಲ್ಲ. ಈ ಕೆಲಸದಲ್ಲಿ ತೊಡಗಿದವರಲ್ಲಿ ನನ್ನ ಬಿನ್ನಹವಿಷ್ಟೇ: ಪುಟದ ಅಂಚನ್ನು ಕತ್ತರಿಸಬೇಡಿರಿ, ಹಿಂಬದಿಯನ್ನು ಬಿಡಬೇಡಿರಿ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಖರೀದಿಪತ್ರವನ್ನು ಇರಿಸಿಕೊಂಡಿರುವ ಓದುಗರೂ ಅದನ್ನು ಒಮ್ಮೆ ವರ್ಣದಲ್ಲಿ, ಇಂಚಿಗೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿಸಿ, ಮೂಲಪತ್ರವನ್ನು ಮಡಿಕೆ ಬಿಡಿಸಿ ಒಣ ಜಾಗದಲ್ಲಿ ಇಡಲಿ.