ಬೆಟ್ಟವನ್ನೇರಿದಂತೆ ಬದಲಾಗುವ ಹಸುರು

ಬೆಟ್ಟವನ್ನು ಏರುತ್ತ ಹೋದಂತೆ ಗಿಡಮರಗಳು ಬದಲಾಗುತ್ತವೆ ಎಂಬುದನ್ನು ನಮ್ಮ ಮಕ್ಕಳು ಶಾಲೆಯ ಭೂಗೋಳದಲ್ಲಿಯೇ ಓದುತ್ತಾರೆ. ಪುಸ್ತಕದಲ್ಲಿ ಅದಕ್ಕೊಂದು ಚಿತ್ರವೂ ಇರುತ್ತದೆ: ತಪ್ಪಲಿನಲ್ಲಿ ದಟ್ಟವಾದ ಕಾಡು, ಅದರ ಮೇಲೆ ಸೂಜಿಯೆಲೆಯ ಮರಗಳು, ಇನ್ನೂ ಮೇಲೆ ಹುಲ್ಲು, ತುದಿಯಲ್ಲಿ ಹಿಮ. ಚಿತ್ರವೇನೋ ಸರಿಯೇ, ಆದರೆ ಅದು ಹಿಮಾಲಯದ ಚಿತ್ರ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೇಸಿಗೆಯ ಒಂದು ಭಾನುವಾರ ವಾಶಿಯಿಂದ ಮಾಥೇರಾನಿಗೆ ಹೊರಟವನಿಗೆ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಕೆಳಗೆ ಎಲೆಯುದುರಿದ ತೇಗ, ಮೇಲೆ ತಂಪಾದ ನೆರಳು! ಅದೇ ಮನುಷ್ಯ ರಜೆಯಲ್ಲಿ ಊರಿಗೆ ಹೋದಾಗ ಸುಬ್ರಹ್ಮಣ್ಯದಿಂದ ಕುಮಾರಪರ್ವತವನ್ನು ಹತ್ತಿದನೆನ್ನಿ. ಅಲ್ಲಿ ಕೆಳಗೆ ಕತ್ತಲೆಗವಿದ ಕಾಡು, ಮೇಲೆ ಕಣ್ಣು ಹಾಯುವವರೆಗೂ ಹುಲ್ಲು. ಎರಡೂ ಒಂದೇ ಸಹ್ಯಾದ್ರಿಯ ಬೆಟ್ಟಗಳು. ಹಾಗಾದರೆ ಎತ್ತರವು ಮಾಡುವ ಕೆಲಸವಾದರೂ ಏನು?

ಈ ವಿಷಯವನ್ನು ಕ್ರಮಬದ್ಧವಾಗಿ ಜಗತ್ತಿನ ಮುಂದಿಟ್ಟವರಲ್ಲಿ ಹಿರಿಯನು ಜರ್ಮನಿಯ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್. ಆತನು 1802ರಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಸೊ ಪರ್ವತವನ್ನು ಏರಿದನು. ತುದಿಯನ್ನು ಮುಟ್ಟಲಾಗಲಿಲ್ಲ, ಆದರೆ ದಾರಿಯುದ್ದಕ್ಕೂ ಯಾವ ಎತ್ತರದಲ್ಲಿ ಯಾವ ಗಿಡ ಕಂಡಿತು, ಅಲ್ಲಿಯ ಉಷ್ಣತೆಯೆಷ್ಟು, ಗಾಳಿಯ ಒತ್ತಡವೆಷ್ಟು ಎಂಬುದನ್ನು ಗುರುತು ಹಾಕಿಕೊಂಡನು. 1807ರಲ್ಲಿ ಅದೆಲ್ಲವನ್ನೂ ಒಂದೇ ಹಾಳೆಯಲ್ಲಿ ಬೆಟ್ಟದ ಚಿತ್ರವಾಗಿ ಬರೆಸಿ, ಗಿಡಗಳ ಹೆಸರುಗಳನ್ನು ಅವುಗಳ ಎತ್ತರದಲ್ಲಿಯೇ ಅಚ್ಚು ಹಾಕಿಸಿದನು. ಇಂದಿನ ಶಾಲೆಯ ಚಿತ್ರಗಳು ಆ ಹಾಳೆಯ ಮೊಮ್ಮಕ್ಕಳು. ಹಿಮಾಲಯವನ್ನೂ ಹೀಗೆಯೇ ಅಳೆಯಬೇಕೆಂದು ಆತನಿಗೆ ಬಹಳ ಆಸೆಯಿತ್ತು. ಈಸ್ಟ್ ಇಂಡಿಯಾ ಕಂಪೆನಿಯವರು ಅಪ್ಪಣೆ ಕೊಡಲಿಲ್ಲ. ಭಾರತಕ್ಕೆ ಬಾರದೆ ಹೋದ ಆತನ ಹೆಸರು ಮಾತ್ರ ನಮ್ಮ ಕಾಡಿಗೆ ಬಂದು ಸೇರಿದೆ. ಆ ಸಂಗತಿ ಮುಂದೆ ಬರುತ್ತದೆ.

ಮೊದಲು ಚಳಿಯ ಲೆಕ್ಕವನ್ನು ಮುಗಿಸಿಬಿಡೋಣ. ಸುಮಾರಾಗಿ 1000 ಮೀಟರು ಮೇಲಕ್ಕೆ ಹೋದರೆ ಉಷ್ಣತೆ 6ರಿಂದ 6.5 ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಯುತ್ತದೆ. ಮಾಥೇರಾನಿನ ಎತ್ತರ ಸುಮಾರು 800 ಮೀಟರು. ಎಂದರೆ ಕೆಳಗಿಗಿಂತ 5 ಡಿಗ್ರಿ ತಂಪು. ಕುಮಾರಪರ್ವತ 1712 ಮೀಟರು, ಸುಮಾರು 5600 ಅಡಿ. ಅಲ್ಲಿ 10 ಡಿಗ್ರಿ ತಂಪು. ಹಿಮಾಲಯದಲ್ಲಿ ಚಳಿಯ ದೆಸೆಯಿಂದಲೇ ಮರಗಳು ನಿಂತುಹೋಗಬೇಕಾದರೆ 3500ರಿಂದ 4000 ಮೀಟರಿನವರೆಗೆ ಏರಬೇಕು. ಸಹ್ಯಾದ್ರಿಯಲ್ಲಿಯೇ ಎಲ್ಲಕ್ಕೂ ಎತ್ತರವಾದ ಕೇರಳದ ಆನೆಮುಡಿ 2695 ಮೀಟರು ಮಾತ್ರ. ಆದುದರಿಂದ ನಮ್ಮ ಯಾವ ಬೆಟ್ಟದ ತುದಿಯಲ್ಲಿ ಮರವಿಲ್ಲದಿದ್ದರೂ, ಕೇವಲ ಎತ್ತರದ ಚಳಿಯಿಂದ ಮರ ಬೆಳೆಯಲಿಲ್ಲವೆಂದು ಹೇಳಿ ಮುಗಿಸುವಂತಿಲ್ಲ. ಎತ್ತರದ ಜೊತೆಗೆ ಬದಲಾಗುವ ಬೇರೆ ಸಂಗತಿಗಳನ್ನು ಹುಡುಕಬೇಕು. ನೀರು, ಮಣ್ಣು, ಗಾಳಿ, ಬೆಂಕಿ, ಕೊನೆಗೆ ಮನುಷ್ಯನ ಕೊಡಲಿ, ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆ.

ಇದಕ್ಕೆ ಬೆಟ್ಟವನ್ನೇ ಹುಡುಕಿಕೊಂಡು ಹೋಗಬೇಕೆಂದಿಲ್ಲ. ಮಾನಖುರ್ದಿನಿಂದ ವಾಶಿಗೆ ಬರುವ ಲೋಕಲ್ ಖಾಡಿಯನ್ನು ದಾಟುವಾಗ ಕಿಟಕಿಯಿಂದ ನೋಡಿರಿ. ದಂಡೆಯ ಕೆಸರಿನಲ್ಲಿ ಒತ್ತಾಗಿ ನಿಂತಿರುವುದು ಕಾಂಡ್ಲಾ ಕಾಡು. ಭರತದ ನೀರು ಬುಡವನ್ನು ತೊಯ್ಸಬೇಕು, ಇಳಿತದಲ್ಲಿ ಕೆಸರಿನಿಂದ ಮೇಲೆದ್ದ ಬೇರುಗಳು ಉಸಿರಾಡಬೇಕು. ಈ ಎರಡೂ ಆಗುವ ಪಟ್ಟಿಯಲ್ಲಿ ಮಾತ್ರ ಅದು ಬಾಳುತ್ತದೆ. ನೆಲ ಆಳೆತ್ತರದಷ್ಟು ಏರಿ ಭರತದ ನೀರು ತಲುಪದಂತಾದರೆ ಕಾಂಡ್ಲಾ ಮುಗಿಯಿತು, ಬೇರೆ ಗಿಡಗಳ ರಾಜ್ಯ. ಅಷ್ಟು ಏರಿದ್ದಕ್ಕೆ ಉಷ್ಣತೆಯಲ್ಲಿ ಆಗುವ ವ್ಯತ್ಯಾಸ ಶೂನ್ಯವೆಂದೇ ಹೇಳಬೇಕು. ಬದಲಾದುದು ನೀರು. ರೈಲ್ವೆಯ ಹಳಿ ಹಾಕಲೆಂದೋ ಮನೆ ಕಟ್ಟಲೆಂದೋ ಮಣ್ಣು ತುಂಬಿದಲ್ಲಿ ಕಾಂಡ್ಲಾ ಸಾಯುವುದೂ ಇದೇ ಕಾರಣದಿಂದ.

ಈಗ ಮಾಥೇರಾನಿಗೆ ಹೋಗೋಣ. ಠಾಣೆಯಲ್ಲಿ ಗಾಡಿ ಬದಲಿಸಿ ಕರ್ಜತ್ ಲೋಕಲ್ ಹಿಡಿದರೆ ನೇರಳ್ ನಿಲ್ದಾಣ. ಡೊಂಬಿವಲಿ, ಕಲ್ಯಾಣದವರಿಗೆ ಅಷ್ಟೂ ತೊಂದರೆಯಿಲ್ಲ. 1907ರ ಚಿಕ್ಕ ರೈಲು ಇದೆ, ಆದರೆ ಗಿಡ ನೋಡಬೇಕೆನ್ನುವವರು ನಡೆಯುವುದೇ ಲೇಸು. ತಪ್ಪಲಿನಲ್ಲಿ ತೇಗ, ಮತ್ತಿ, ಮುತ್ತುಗ, ಬೂರುಗ. ಇವೆಲ್ಲ ನಾಲ್ಕು ತಿಂಗಳ ಮಳೆಯನ್ನು ಕುಡಿದು ಎಂಟು ತಿಂಗಳು ಅದರ ಮೇಲೆ ಸಂಸಾರ ಸಾಗಿಸಬೇಕಾದ ಮರಗಳು. ನೀರು ತೀರುತ್ತ ಬಂದಾಗ ಎಲೆಯನ್ನು ಉದುರಿಸಿ ಖರ್ಚು ಕಡಿಮೆ ಮಾಡಿಕೊಳ್ಳುತ್ತವೆ. ಮಾರ್ಚಿಯಲ್ಲಿ ಬೋಳಾಗಿ ನಿಂತ ತೇಗವನ್ನು ಕಂಡು ಒಣಗಿಹೋಯಿತೆಂದು ಮರುಗುವವರಿದ್ದಾರೆ. ಅದು ಜಾಣತನದ ಉಪವಾಸ.

ಇನ್ನೂ ಮೇಲೆ ಇಳಿಜಾರು ಕಡಿದಾಗುತ್ತದೆ. ಈ ಕಡೆಯ ಸಹ್ಯಾದ್ರಿ ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿ ಆದ ಕಲ್ಲು. ಆದ್ದರಿಂದ ಅದು ಮೆಟ್ಟಿಲಿನ ಹಾಗೆ ಇರುತ್ತದೆ: ಒಂದು ಗೋಡೆ, ಒಂದು ತಟ್ಟು, ಮತ್ತೆ ಗೋಡೆ. ಗೋಡೆಯ ಮೇಲೆ ಮಣ್ಣು ನಿಲ್ಲುವುದಿಲ್ಲ. ಅಲ್ಲಿ ಹುಲ್ಲು ಮತ್ತು ಕಾರವಿಯ ಪೊದೆ. ಕಾರವಿ ಏಳೆಂಟು ವರ್ಷ ಸುಮ್ಮನೆ ಬೆಳೆದು, ಒಂದು ಮಳೆಗಾಲದ ಕೊನೆಗೆ ಇಡೀ ಗುಡ್ಡವೇ ನೇರಳೆಬಣ್ಣಕ್ಕೆ ತಿರುಗುವಂತೆ ಒಟ್ಟಿಗೆ ಹೂಬಿಟ್ಟು, ಬೀಜ ಕಟ್ಟಿ, ಸಾಯುತ್ತದೆ. ಠಾಕೂರರೂ ಕಾತಕರಿಗಳೂ ಅದರ ಒಣಗಿದ ಕೋಲುಗಳನ್ನು ಸಾಲಾಗಿ ನಿಲ್ಲಿಸಿ, ಸೆಗಣಿ ಮಣ್ಣು ಮೆತ್ತಿ ಮನೆಯ ಗೋಡೆ ಮಾಡುತ್ತಾರೆ.

ಗೋಡೆಯನ್ನು ಹತ್ತಿ ಮುಗಿಸಿದೊಡನೆ ಕೆಂಪು ಮಣ್ಣಿನ ವಿಶಾಲವಾದ ತಟ್ಟು, ಅದರ ತುಂಬ ನೆರಳು. ನೇರಳೆ, ಅಂಜನಿ, ಅಳಲೆ ಇಲ್ಲಿಯ ಮುಖ್ಯ ಮರಗಳು. (ನಿಲ್ದಾಣದ ಹೆಸರಿಗೂ ಮರದ ಹೆಸರಿಗೂ ನಮ್ಮ ಕಿವಿಗೆ ನಂಟು ಕೇಳಿಸುತ್ತದೆ, ಕಲ್ಪಿಸುವುದು ಬೇಡ.) ಹೆಚ್ಚಿನವುಗಳ ಎಲೆ ಚಿಕ್ಕದು, ದಪ್ಪ, ಮೆರುಗು ಹಾಕಿದಂಥದು, ವರ್ಷವಿಡೀ ಹಸುರು. ತಗ್ಗಿಗಿಂತ ಇಲ್ಲಿ ಮಳೆ ಹೆಚ್ಚು, ಮೋಡ ನೆಲಕ್ಕೇ ತಾಗಿಕೊಂಡು ನಿಲ್ಲುವ ದಿನಗಳು ಹೆಚ್ಚು, 5 ಡಿಗ್ರಿಯ ತಂಪಿನಿಂದ ಆವಿಯಾಗುವ ನೀರು ಕಡಿಮೆ, ಮುರಕಲ್ಲಿನ ಮೇಲಿನ ಮಣ್ಣು ಆಳ. ಇಷ್ಟು ಅನುಕೂಲವಿದ್ದ ಮೇಲೆ ಎಲೆಯನ್ನೇಕೆ ಉದುರಿಸಬೇಕು? ಇನ್ನೊಂದು ಕಾರಣವೂ ಉಂಟು. 1850ರಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಈ ಜಾಗವನ್ನು ಮೆಚ್ಚಿ ಬಿಳಿಯರಿಗೆ ತಂಪು ಹವೆಯ ನಿವಾಸವನ್ನಾಗಿ ಮಾಡಲು ಮುಂದಾದ ಮೇಲೆ ಮೇಲಿನ ಮರಗಳಿಗೆ ಒಂದು ಬಗೆಯ ರಕ್ಷಣೆ ದೊರಕಿತು. ಕೆಳಗಿನ ಇಳಿಜಾರಿನ ಮರಗಳು ಸೌದೆಗೂ ಇದ್ದಲಿಗೂ ಹೋದುವು. 2003ರಲ್ಲಿ ಕೇಂದ್ರ ಸರಕಾರ ಮಾಥೇರಾನನ್ನು ಪರಿಸರಸೂಕ್ಷ್ಮ ವಲಯವೆಂದು ಸಾರಿತು. ದಸ್ತೂರಿ ನಾಕೆಯಿಂದ ಮುಂದೆ ಖಾಸಗಿ ಮೋಟಾರಿಗೆ ಇಂದಿಗೂ ಪ್ರವೇಶವಿಲ್ಲ.

ಕುಮಾರಪರ್ವತದಲ್ಲಿ ಕಥೆ ಬೇರೆ. ಪನವೇಲಿನಲ್ಲಿ ರೈಲು ಹತ್ತಿ ಮಂಗಳೂರಿನ ಮೇಲೆ ಸುಬ್ರಹ್ಮಣ್ಯಕ್ಕೆ ಹೋಗುವ ನಮ್ಮ ಜನ ದೇವರ ದರ್ಶನ ಮುಗಿಸಿ, ಬೆಟ್ಟಕ್ಕೆ ದೂರದಿಂದಲೇ ಕೈಮುಗಿದು ಹಿಂತಿರುಗುವುದೇ ಹೆಚ್ಚು. ಕ್ಷೇತ್ರವಿರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರು ಎತ್ತರದಲ್ಲಿ. ಅಲ್ಲಿಂದ ತುದಿಗೆ ಸುಮಾರು 13 ಕಿಲೋಮೀಟರು ನಡಿಗೆ, 1600 ಮೀಟರಿನಷ್ಟು ಏರು. ಸಹ್ಯಾದ್ರಿಯಲ್ಲಿ ಒಂದೇ ಹಾದಿಯಲ್ಲಿ ಇಷ್ಟು ಏರುವ ಸ್ಥಳಗಳು ಹೆಚ್ಚಿಲ್ಲ.

ಹೊರಟ ಕೂಡಲೆ ನಿತ್ಯಹಸುರು ಕಾಡು ಹೊಕ್ಕ ಹಾಗಾಗುತ್ತದೆ. ಧೂಮ, ಸಾಲುಧೂಪ, ಕಿರಾಲುಬೋಗಿ, ಹೆಬ್ಬಲಸು, ರಾಮಪತ್ರೆ. ಮೇಲ್ಮಟ್ಟದ ಮರಗಳು 30, 40 ಮೀಟರು ನೆಟ್ಟಗೆ ಹೋಗಿ ಅಲ್ಲಿ ಕೊಡೆ ಬಿಚ್ಚುತ್ತವೆ. ಕೆಳಗೆ ಮಧ್ಯಾಹ್ನವೂ ಮಬ್ಬು. ಅನೇಕ ಎಲೆಗಳಿಗೆ ಉದ್ದನೆಯ ಚೂಪಾದ ಬಾಲವಿರುವುದನ್ನು ಗಮನಿಸಿರಿ. ಮಳೆನೀರು ಎಲೆಯ ಮೇಲೆ ನಿಲ್ಲದೆ ಜಾರಿ ಹೋಗುವುದಕ್ಕೆ ಅದು ಅನುಕೂಲ. ಈ ಮಬ್ಬಿನಲ್ಲಿ ಬೆಳೆಯುವ ಒಂದು ಚಿಕ್ಕ ಮರಕ್ಕೆ ಹಾಸಿಗೆಮರವೆಂದು ಹೆಸರು. ಅದರ ಕೆಲವು ರೆಂಬೆಗಳ ಗೆಣ್ಣುಗಳ ನಡುವೆ ಉಬ್ಬಿ ಟೊಳ್ಳಾಗಿ, ಅದರೊಳಗೆ ಇರುವೆಗಳು ಬಿಡಾರ ಮಾಡಿಕೊಂಡಿರುತ್ತವೆ. ಸಸ್ಯಶಾಸ್ತ್ರಜ್ಞರು ಅದನ್ನು ಕರೆಯುವುದು ಹುಂಬೋಲ್ಟಿಯಾ ಎಂದು. ಭಾರತದ ಬಾಗಿಲನ್ನು ಮುಚ್ಚಿಸಿಕೊಂಡವನ ಹೆಸರು ಸಿಕ್ಕಿದ್ದು ಇಲ್ಲಿಯೇ.

ಇನ್ನಷ್ಟು ಎತ್ತರಕ್ಕೆ ಧೂಮದಂಥ ದೈತ್ಯ ಮರಗಳು ವಿರಳವಾಗುತ್ತವೆ. ಸಹ್ಯಾದ್ರಿಯ ಕಾಡುಗಳನ್ನು ವಿಂಗಡಿಸಿದ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ವಿಜ್ಞಾನಿಗಳು ಈ ತಗ್ಗಿನ ಕಾಡಿನ ಮೇಲ್ಗಡಿಯನ್ನು ಸುಮಾರು 850 ಮೀಟರು ಎಂದು ಗುರುತಿಸಿದ್ದಾರೆ. ಚಳಿಯ ಪ್ರಭಾವ ನಿಜವಾಗಿ ಕಾಣುವುದು ಇಂಥಲ್ಲಿ. ಕಾಡನ್ನು ಅದು ತಡೆಯುವುದಿಲ್ಲ. ಕಾಡಿನೊಳಗಿನ ಕುಲಗಳನ್ನು ಬದಲಿಸುತ್ತದೆ. ಬಲಗಿಯಂಥ ಮರ ಮಾತ್ರ ಕೆಳಗೂ ಮೇಲೂ ಸಿಗುತ್ತದೆ. ಕೆಲವೆಡೆ ಬೇರೆಯವರಿಗೆ ಜಾಗವೇ ಕೊಡದಂತೆ ಗುಂಪಾಗಿ ನಿಂತು, ಬುಡದಿಂದ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟಿರುತ್ತದೆ.

ಗಿರಿಗದ್ದೆಯ ಅಡಿಕೆ ತೋಟ ದಾಟಿದ ಮೇಲೆ ಪಶ್ಚಿಮದ ಏಣುಗಳಲ್ಲಿ ಕಾಡು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಚಳಿಯಿಂದ ಬರುವ ಬದಲಾವಣೆ ಹೀಗಿರುವುದಿಲ್ಲ; ಅದು ನಿಧಾನವಾಗಿ, ಮರ ಕುಳ್ಳಾಗುತ್ತ ಬರಬೇಕು. ಇಲ್ಲಿ ಕಾಡಿನ ಅಂಚು ಕತ್ತಿಯಿಂದ ಕೊಯ್ದಷ್ಟು ಸ್ಪಷ್ಟ: ಇತ್ತ ಮರ, ಅತ್ತ ಸೊಂಟದೆತ್ತರದ ಹುಲ್ಲು, ನಡುನಡುವೆ ಒಂದೊಂದು ನೆಲ್ಲಿ, ಕೌಲು, ಗಿಡ್ಡ ಈಚಲು. ಕಲ್ಲುಮಂಟಪ, ಶೇಷಪರ್ವತದವರೆಗೂ ಹೀಗೆಯೇ. ಆದರೆ ಶೇಷಪರ್ವತದಿಂದ ತುಸು ಇಳಿದು ಕೊನೆಯ ಏರಿಗೆ ಹೊರಟಾಗ, ಹುಲ್ಲಿಗಿಂತ ಹೆಚ್ಚಿನ ಎತ್ತರದಲ್ಲಿ, ಮತ್ತೆ ಕಾಡು ಎದುರಾಗುತ್ತದೆ! ಇದೇ ಶೋಲೆ. ಮರಗಳು ಕುಳ್ಳು, ರೆಂಬೆಗಳು ತಿರುಚಿದವು, ಮೈತುಂಬ ಪಾಚಿ ಮತ್ತು ಸೀತಾಳೆಯ ಬಳ್ಳಿಗಳು. ಮರಕ್ಕೆ ಎತ್ತರ ಅಡ್ಡಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಹುಲ್ಲು ಏಕೆ? ಕಡಲಿನಿಂದ ಬರುವ ಮಳೆಗಾಳಿ ಈ ಏಣುಗಳಿಗೆ ನೇರವಾಗಿ ಅಪ್ಪಳಿಸುತ್ತದೆ. ಮಳೆ ಮಣ್ಣನ್ನು ತೊಳೆದು ಮಡಿಕೆಗಳಿಗೆ ಸಾಗಿಸುತ್ತದೆ. ಏಣಿನಲ್ಲಿ ಉಳಿಯುವುದು ಕಲ್ಲು ಮತ್ತು ತೆಳುಮಣ್ಣು. ಶೋಲೆ ಮಡಿಕೆಗಳಲ್ಲಿಯೇ ಅಡಗಿರುವುದು ಅದಕ್ಕೇ. ಡಿಸೆಂಬರ್ ಕಳೆದರೆ ಆ ತೆಳುಮಣ್ಣು ಬಿರುಕು ಬಿಡುತ್ತದೆ. ಆಮೇಲೆ ಬೆಂಕಿ. ಹುಲ್ಲಿನ ಮೊಳಕೆ ನೆಲದ ಮಟ್ಟದಲ್ಲಿರುವುದರಿಂದ ಮೇಲೆ ಸುಟ್ಟರೂ ಮೊದಲ ಮಳೆಗೆ ಚಿಗುರುತ್ತದೆ. ನೆಲ್ಲಿ, ಕೌಲುಗಳೂ ತಡೆದುಕೊಳ್ಳುತ್ತವೆ. ಕಾಡಿನ ಮರದ ತೆಳುತೊಗಟೆಯ ಸಸಿಗೆ ಮಾತ್ರ ಒಂದು ಬೆಂಕಿಯೇ ಸಾಕು. ಹೀಗೆ ವರುಷ ವರುಷವೂ ಬೆಂಕಿ ಕಾಡಿನ ಅಂಚನ್ನು ಅಲ್ಲಲ್ಲಿಯೇ ಹಿಡಿದು ನಿಲ್ಲಿಸುತ್ತದೆ.

ಇದೆಲ್ಲ ದನಗಾಹಿಗಳು ಬೆಂಕಿಯಿಟ್ಟು ಹಾಳುಮಾಡಿದ ಕಾಡು ಎಂದು ಅನೇಕರು ನಂಬಿದ್ದರು, ಈಗಲೂ ನಂಬುವವರುಂಟು. ಕೆಲವೆಡೆ ಅದು ನಿಜವೂ ಇರಬಹುದು. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ಜೊತೆಗಾರರು ನೀಲಗಿರಿ ಬೆಟ್ಟದ ಜೌಗಿನ ಮಣ್ಣನ್ನು ಆಳದವರೆಗೆ ತೆಗೆದು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಹುಲ್ಲು ಕೊಳೆತು ಆದ ಮಣ್ಣಿನ ಇಂಗಾಲಕ್ಕೂ ಮರದ ಎಲೆ ಕೊಳೆತು ಆದ ಮಣ್ಣಿನ ಇಂಗಾಲಕ್ಕೂ ಗುರುತಿಸಬಲ್ಲ ವ್ಯತ್ಯಾಸವಿದೆ. ಅದರ ಪ್ರಕಾರ ಸುಮಾರು 20,000 ವರ್ಷಗಳಿಂದಲೂ ಅಲ್ಲಿ ಹವೆ ಒಣಗಿದಾಗ ಹುಲ್ಲು ಹಬ್ಬುತ್ತ, ತೇವ ಹೆಚ್ಚಿದಾಗ ಕಾಡು ಹಬ್ಬುತ್ತ ಬಂದಿದೆ. ಎಂದರೆ, ಎತ್ತರದ ಹುಲ್ಲುಗಾವಲು ಅಲ್ಲಿ ನಿನ್ನೆಮೊನ್ನೆಯ ಪಾಳು ಅಲ್ಲ. ಕಾಡಿನಷ್ಟೇ ಹಳೆಯ ಒಕ್ಕಲು.

ಇದನ್ನು ಒತ್ತಿ ಹೇಳಲು ಕಾರಣವಿದೆ. 1950ರಲ್ಲಿ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಗಿಡ ನೆಡುವುದು ನಮಗೊಂದು ಪುಣ್ಯಕಾರ್ಯ. ನೆಡಬೇಕಾದದ್ದೇ. ಆದರೆ ಮರವಿಲ್ಲದ ಗುಡ್ಡ ಕಂಡಲ್ಲೆಲ್ಲ ಅದು ಬೋಳು, ಅದನ್ನು ತುಂಬಬೇಕು ಎಂಬ ಉತ್ಸಾಹ ಬಹಳ ಕೆಡುಕು ಮಾಡಿದೆ. ನೀಲಗಿರಿ ಬೆಟ್ಟದ ಹುಲ್ಲಿನ ಮೇಲೆ 19ನೆಯ ಶತಮಾನದಿಂದ ಆಸ್ಟ್ರೇಲಿಯದ ವಾಟಲ್, ನೀಲಗಿರಿ ಮರಗಳನ್ನು ನೆಟ್ಟರು. (ಬೆಟ್ಟದ ಹೆಸರೇ ಮರಕ್ಕೂ ಬಂದುದರಿಂದ ಅದು ಅಲ್ಲಿಯದೇ ಎಂದು ನಮ್ಮಲ್ಲಿ ಎಷ್ಟೋ ಮಂದಿ ತಿಳಿದಿದ್ದಾರೆ.) ಅಲ್ಲಿಯ ಗ್ಲೆನ್‌ಮಾರ್ಗನ್ನಿನಲ್ಲಿ ಎರಡು ಹಳ್ಳಗಳ ನೀರನ್ನು ವರ್ಷಗಟ್ಟಲೆ ಅಳೆದು ನೋಡಿದಾಗ, ಈ ಮರ ನೆಟ್ಟ ಕಣಿವೆಯ ಹಳ್ಳದಲ್ಲಿ ಮೊದಲ ಹತ್ತು ವರ್ಷಗಳಲ್ಲೇ ನೀರು ನೂರಕ್ಕೆ ಸುಮಾರು 16ರಷ್ಟು ಇಳಿದಿತ್ತು. ಕುಮಾರಧಾರೆಯೂ ಕುಮಾರಪರ್ವತದ ಸೀಮೆಯಲ್ಲಿಯೇ ಹುಟ್ಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ನದಿ. ಸುಬ್ರಹ್ಮಣ್ಯದಲ್ಲಿ ಸ್ನಾನ ಮಾಡುವವರು ಮೇಲಿನ ಹುಲ್ಲನ್ನು ನಿರರ್ಥಕವೆಂದು ಎಣಿಸುವಂತಿಲ್ಲ. 2012ರಲ್ಲಿ ಯುನೆಸ್ಕೊ ಸಹ್ಯಾದ್ರಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುಮಾರಪರ್ವತವಿರುವ ಪುಷ್ಪಗಿರಿ ಅಭಯಾರಣ್ಯವೂ ಅದರಲ್ಲಿ ಸೇರಿತು.

ಹೋಗಬೇಕೆನ್ನುವವರಿಗೆ ಎರಡು ಮಾತು. ಅರಣ್ಯ ಇಲಾಖೆಯ ಅನುಮತಿಯನ್ನು ಮುಂಗಡವಾಗಿಯೇ ಪಡೆಯಬೇಕು; ಬೆಂಕಿಯ ಭಯವಿರುವ ಬೇಸಿಗೆಯಲ್ಲೂ ಜೋರು ಮಳೆಯಲ್ಲೂ ಹಾದಿಯನ್ನು ಮುಚ್ಚುತ್ತಾರೆ. ಮಳೆ ನಿಂತು ಹುಲ್ಲಿನ್ನೂ ಹಸುರಾಗಿರುವ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಬೀಡಿ, ಒಲೆ ಯಾವುದೂ ಬೇಡ. ಸುಬ್ರಹ್ಮಣ್ಯದ ಹಾದಿಯೊಂದನ್ನೇ ನೋಡಿದವರಿಗೆ ಬೆಟ್ಟದ ಅರ್ಧ ಮಾತ್ರ ತಿಳಿದಿರುತ್ತದೆ. ಪೂರ್ವದಲ್ಲಿ ಸೋಮವಾರಪೇಟೆಯ ಕಡೆಗೆ ಬೀದಳ್ಳಿಯಿಂದ ಇನ್ನೊಂದು ಹಾದಿಯಿದೆ, ಸುಮಾರು 7 ಕಿಲೋಮೀಟರು. ಮಳೆಗಾಳಿಗೆ ಬೆನ್ನು ಹಾಕಿರುವ ಆ ಮಗ್ಗುಲಲ್ಲಿ, ಪಶ್ಚಿಮದಲ್ಲಿ ಹುಲ್ಲು ಇದ್ದ ಅದೇ ಎತ್ತರದಲ್ಲಿ, ತುದಿಯ ಹತ್ತಿರದ ಬರಿಯ ಬಂಡೆಗಳನ್ನು ಬಿಟ್ಟರೆ ದಾರಿಯ ಬಹುಪಾಲು ಮರದ ನೆರಳಿನಲ್ಲಿಯೇ ಸಾಗುತ್ತದೆ.