ಕಲ್ಲು ಹೇಳುವುದು, ಶಾಸನ ಹೇಳುವುದು

ಪ್ರಕೃತಿವಿಜ್ಞಾನಗಳು ಇಷ್ಟೊಂದು ವಿಷಯವನ್ನು ತಿಳಿಸಿಕೊಟ್ಟಿರುವಾಗ, ಸಾಹಿತ್ಯ ಚರಿತ್ರೆಗಳಿಂದ ವಿನೋದದ ಹೊರತು ಬೇರೆ ಜ್ಞಾನವೇನಾದರೂ ದೊರೆಯುವುದೆ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಪ್ರಶ್ನೆ ಉಚಿತವಾದುದೇ. ಬರಿಯ ತರ್ಕದಿಂದ ಇದನ್ನು ತೀರ್ಮಾನಿಸುವುದಕ್ಕಿಂತ, ಬಾಗಲಕೋಟೆ ಜಿಲ್ಲೆಯ ಎರಡು ಶಾಸನಗಳನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಮೇಲು.

ಬಾದಾಮಿಯ ಬಂಡೆ ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಹಾಸಿದ ಮರಳು ಗಟ್ಟಿಗೊಂಡು ಹೀಗಾಗಿದೆ. ಅದರ ಕೆಂಪಿಗೆ ಕಬ್ಬಿಣದ ಅಂಶ ಕಾರಣ. ಪದರಗಳ ಓರೆಯನ್ನು ನೋಡಿ ಆ ಪ್ರವಾಹ ಹರಿದ ದಿಕ್ಕನ್ನು ಕೂಡ ಭೂವಿಜ್ಞಾನಿ ಹೇಳಬಲ್ಲನು. ಯಾವ ಕವಿಯೂ ಇದನ್ನು ಊಹೆಯಿಂದ ಕಂಡುಹಿಡಿಯಲಾರನು.

ಆ ಬಂಡೆಯನ್ನು ಕೊರೆದು ಮಾಡಿದ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ ಶಾಸನವಿದೆ. ಅದರ ಕಾಲ ಶಕ 500, ಎಂದರೆ ಕ್ರಿ. ಶ. 578. ಆಗ ಆಳುತ್ತಿದ್ದವನು ಅವನ ಅಣ್ಣ ಕೀರ್ತಿವರ್ಮ. ವಿಷ್ಣುಗೃಹವನ್ನು ಮಾಡಿಸಿದ ಪುಣ್ಯವು ಅಣ್ಣನಿಗೆ ಸಲ್ಲಲಿ, ಅಣ್ಣನ ಸೇವೆಯ ಫಲ ತನಗಿರಲಿ ಎಂಬುದು ಮಂಗಲೇಶನ ಮಾತಿನ ತಾತ್ಪರ್ಯ. ಇನ್ನು ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುಟಿ ಜಿನಾಲಯದ ಗೋಡೆಯ ಮೇಲೆ, ಶಕ 556ರ, ಎಂದರೆ ಕ್ರಿ. ಶ. 634-35ರ, ರವಿಕೀರ್ತಿಯ ಶಾಸನವಿದೆ. ಅಣ್ಣನ ತರುವಾಯ ಪಟ್ಟವೇರಿದ ಇದೇ ಮಂಗಲೇಶನು ರಾಜ್ಯವನ್ನು ತನ್ನ ಮಗನಿಗೆ ಉಳಿಸಿಕೊಡಲು ಯತ್ನಿಸಿ, ಅಣ್ಣನ ಮಗನಾದ ಇಮ್ಮಡಿ ಪುಲಕೇಶಿಯಿಂದ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದು ಅದು ಹೇಳುತ್ತದೆ.

ಹಾಗಾದರೆ ಬಾದಾಮಿಯ ಭ್ರಾತೃಭಕ್ತಿ ಕಪಟವೆ? ಇಲ್ಲವೆ, ನಿಜವಾದ ಭಕ್ತಿಯೇ ಸುಮಾರು 30 ವರ್ಷಗಳಲ್ಲಿ ಪುತ್ರವ್ಯಾಮೋಹಕ್ಕೆ ಸೋತಿತೆ? ಕಲ್ಲನ್ನು ಎಷ್ಟು ಪರೀಕ್ಷಿಸಿದರೂ ಇದಕ್ಕೆ ಉತ್ತರ ಸಿಕ್ಕದು. ಹಾಗೆಂದು ಇಲ್ಲಿ ಮನಸ್ಸಿಗೆ ತೋಚಿದುದನ್ನು ಹೇಳುವ ಸ್ವಾತಂತ್ರ್ಯವೂ ನಮಗಿಲ್ಲ. ಬಾದಾಮಿಯ ಮಾತು ಹುಟ್ಟಿದುದು ಅಣ್ಣನು ಆಳುತ್ತಿದ್ದಾಗ. ರವಿಕೀರ್ತಿ ಗೆದ್ದ ದೊರೆಯ ಆಶ್ರಯದಲ್ಲಿದ್ದವನು. ಸೋತವನ ಪಕ್ಷ ಅವನ ಪದ್ಯಗಳಲ್ಲಿ ಬರುವುದಿಲ್ಲ. ಯಾರು, ಯಾರಿಗೆ, ಯಾವ ಪ್ರಯೋಜನಕ್ಕಾಗಿ ನುಡಿದರೆಂಬುದನ್ನು ತೂಗಿನೋಡಬೇಕು. ಮನುಷ್ಯಸ್ವಭಾವದ ಪರಿಚಯವೂ ಬೇಕು. ತಮ್ಮನ ಮಕ್ಕಳ ಮೇಲೆ ವಾತ್ಸಲ್ಯವಿದ್ದೂ ತನ್ನ ಮಗನಿಗೆ ಮಣಿದ ಧೃತರಾಷ್ಟ್ರನನ್ನು ಭಾರತದಲ್ಲಿ ಕಂಡವರಿಗೆ, ಒಂದೇ ಎದೆಯಲ್ಲಿ ಪ್ರೀತಿಯೂ ಲೋಭವೂ ಇರಬಹುದೆಂದು ತಿಳಿದಿರುತ್ತದೆ.

ಇಷ್ಟಾದರೂ ಗಣಿತದಂಥ ನಿಶ್ಚಯ ದೊರೆಯುವುದಿಲ್ಲವೆಂಬುದು ನಿಜ. ಆದರೆ ಮಂಗಲೇಶನನ್ನು ಅವಸರದಿಂದ ವಂಚಕನೆನ್ನದಂತೆ, ಅವನ ಮಾತನ್ನು ಕುರುಡಾಗಿ ನಂಬದಂತೆ ತಡೆಯುವ ವಿವೇಕವೂ ಜ್ಞಾನವೇ. ನ್ಯಾಯಾಲಯದಲ್ಲಿ ಸಾಕ್ಷಿಯ ಮಾತು, ಚುನಾವಣೆಯಲ್ಲಿ ಅಭ್ಯರ್ಥಿಯ ವಚನ, ಮನೆಯಲ್ಲಿ ಅಣ್ಣತಮ್ಮಂದಿರ ನುಡಿ, ಇವನ್ನೆಲ್ಲ ನಾವು ದಿನದಿನವೂ ತೂಗಬೇಕಾಗಿದೆ. ಈ ತೂಕವನ್ನು ಕಲಿಸುವ ವಿದ್ಯೆಯನ್ನು ಕೈಬಿಟ್ಟ ಸಮಾಜವು ಕಲ್ಲಿನ ವಯಸ್ಸನ್ನು ಬಲ್ಲುದಾಗಿಯೂ ನೆರೆಯವನ ಮಾತಿಗೆ ಮೋಸಹೋದೀತು.